ಕೇಳಿದ್ದು ಅವಕಾಶ

೬ ಜನವರಿ ೧೯೩೬, ಸೋಮವಾರ

"ಯಾರಿಗೆಂದು ಮೂಡುವೆ ಸೂರ್ಯ, ನಿನಗೆ ಯಾರು ಹೇಳಿಕಳಿಸಿದರು..." ಧಾರವಾಡದಲ್ಲಿ ಓದುವಾಗ ಗೆಳತಿಯೊಬ್ಬಳು ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಟ್ಟ ಸಾಲು. ಕಡೆಯ ಮಾತು 'ಹೇಳಿಕಳಿಸಿದರು' ಎಂದಿತ್ತೋ 'ಹೇಳಿಕೊಟ್ಟರು' ಎಂದಿತ್ತೋ ಈಗ ನೆನಪಿಲ್ಲ. ಮೊದಲನೆಯದಾದರೆ ಸೂರ್ಯ ಕರೆಯದೆ ಬಂದ ನೆಂಟ. ಎರಡನೆಯದಾದರೆ ಪಾಠ ಒಪ್ಪಿಸಲು ಬಂದ ವಿದ್ಯಾರ್ಥಿ. ಎರಡರಲ್ಲಿ ಯಾವುದೇ ಆಗಲಿ, ಪ್ರಶ್ನೆಯೇ ಸರಿಯಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಕೆಲಸವಿರುವವರನ್ನು ಯಾಕೆ ಬಂದೆ ಎಂದು ಯಾರು ಕೇಳುತ್ತಾರೆ? ಈವತ್ತು ನನ್ನನ್ನು ಕೇಳಿದರು.

ನಡೆದದ್ದನ್ನು ಬರೆದಿಡುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ನಂಬಲಾರೆ.

ಪುಣೆಯ ನಮ್ಮ ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಿಕೆ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಸ್ಕೃತ ಕಲಿಸುತ್ತಿದ್ದೇನೆ. ಎಂ.ಎ. ಆದವಳು ನಾನೊಬ್ಬಳೇ. ಆ ಕುರ್ಚಿ ನನಗೆ ಬೇಕು. ಈ ಮಾತನ್ನು ದಿನಚರಿಯಲ್ಲಾದರೂ ಸ್ಪಷ್ಟವಾಗಿ ಬರೆಯಬಹುದು. ಮುಖವೇ ನೆನಪಿಲ್ಲದ ಗಂಡ ತೀರಿಹೋದಾಗ ನನಗೆ ಹನ್ನೊಂದು. ಅಲ್ಲಿಂದ ಓದಿದ್ದು, ದುಡಿದದ್ದು ಎಲ್ಲ ಎಲ್ಲಿಗಾದರೂ ಹೋಗಿ ಮುಟ್ಟಬೇಕಲ್ಲ.

ಡಿಸೆಂಬರಿನಲ್ಲಿ ಆಡಳಿತ ಮಂಡಳಿಗೆ ಮರಾಠಿಯಲ್ಲಿ ಅರ್ಜಿ ಬರೆದೆ. ಹುದ್ದೆಯ ಹೆಸರು ಹಾಕಿದರೆ ಆಸೆಬುರುಕಿ ಎಂದಾರು ಎಂದು ಹಾಕಲಿಲ್ಲ. "ಇಪ್ಪತ್ತೆರಡು ವರ್ಷದ ಸೇವೆಯ ನಂತರ ನನಗೊಂದು ಅವಕಾಶ ಕೊಡಬೇಕು" ಎಂದಷ್ಟೇ ಬರೆದೆ. ಶನಿವಾರ ಉತ್ತರ ಬಂತು: ಮೂರು ತಿಂಗಳ ಅವಕಾಶ ಸಂತೋಷದಿಂದ ಮಂಜೂರಾಗಿದೆ. ಮೂರು ತಿಂಗಳು ಆ ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಾರೆ, ಎಚ್ಚರಿಕೆಯ ಜನ, ಎಂದುಕೊಂಡೆ.

ಈವತ್ತು ಹೊಸ ಸೀರೆ ಉಟ್ಟು ಟಾಂಗಾ ಮಾಡಿಕೊಂಡು ಹೋದೆ. ನನ್ನ ತರಗತಿಯಲ್ಲಿ ಕುಶಲಾ ಪಾಠ ಮಾಡುತ್ತಿದ್ದಳು. ಇಪ್ಪತ್ತೊಂಬತ್ತರ ಹುಡುಗಿ, ನನ್ನ ಕೈಕೆಳಗೇ ಓದಿದವಳು. ಬೆಚ್ಚಿಬಿದ್ದು, "ಬಾಈ, ನೀವು ಯಾಕೆ ಬಂದಿರಿ?" ಎಂದಳು. ಹುಡುಗಿಯರು ಎದ್ದು ನಿಂತು ನನ್ನ ಪ್ರವಾಸ ಸುಖಕರವಾಗಲಿ ಎಂದರು. ನಾನು ಕಾಶಿಗೆ ಹೋಗುತ್ತೇನೆಂದು ಯಾರೋ ಹಬ್ಬಿಸಿದ್ದರಂತೆ.

ಮೆಟ್ಟಿಲ ಮೇಲೆ ಮಂಡಳಿಯ ಕಾರ್ಯದರ್ಶಿ ಪ್ರಲ್ಹಾದಪಂತರು ಸಿಕ್ಕು ಎರಡೂ ಕೈ ಜೋಡಿಸಿದರು. "ಧನ್ಯ, ಬಾಈ. ದೊಡ್ಡ ಹುದ್ದೆ ಖಾಲಿಯಾಗುವ ಹೊತ್ತಿಗೆ ಉಳಿದವರು ನಮ್ಮ ಬಾಗಿಲು ಕಾಯುತ್ತಾರೆ. ನೀವು ವಿಶ್ರಾಂತಿ ಕೇಳಿದಿರಿ. ಮಂಡಳಿಯಲ್ಲಿ ನಿಮ್ಮ ಪತ್ರ ಓದಿದಾಗ ಒಬ್ಬರ ಕಣ್ಣು ಒದ್ದೆಯಾಯಿತು."

ಆಗ ಹೊಳೆಯಿತು. ಮನೆಗೆ ಬಂದು ಶಬ್ದಕೋಶ ತೆಗೆದೆ. ಮರಾಠಿಯಲ್ಲಿ ಅವಕಾಶ ಎಂದರೆ ಬಿಡುವು, ಪುರಸೊತ್ತು. ನಾನು ಕೇಳಬೇಕಾಗಿದ್ದದ್ದಕ್ಕೆ ಅವರು ಅನ್ನುವುದು 'ಸಂಧಿ'. ನಾನು ದಿನಕ್ಕೆ ಐದು ತರಗತಿಗಳಿಗೆ ಸಂಧಿ ಕಲಿಸುವವಳು. ಮರಾಠಿಯವರು ಆ ಮಾತನ್ನು ಇದಕ್ಕೂ ಬಳಸುವುದನ್ನು ಸಾವಿರ ಸಲ ಕೇಳಿದ್ದೇನೆ. ಕಿವಿ ಪುಣೆಯದಾಗಿದೆ, ಬರೆಯುವ ಕೈ ಮಾತ್ರ ಧಾರವಾಡದ್ದೇ ಉಳಿದಿದೆ.

ಮೆಟ್ಟಿಲ ಮೇಲೆಯೇ ನಿಜ ಹೇಳಬಹುದಿತ್ತು. ಆದರೆ ಇಷ್ಟು ವರ್ಷ ಕೆಂಪು ಶಾಯಿಯಿಂದ ಊರವರ ಮಕ್ಕಳ ತಪ್ಪು ತಿದ್ದಿದವಳು ತನ್ನ ತಪ್ಪನ್ನು ಯಾವ ಬಾಯಿಂದ ಹೇಳಬೇಕು? ಮುಗುಳ್ನಕ್ಕೆ. ತ್ಯಾಗಿಗಳು ನಗುವ ಹಾಗೆ.

೭ ಜನವರಿ, ಮಂಗಳವಾರ

ತೊಂಬತ್ತು ದಿನ. ಶಾಲೆಯ ರೂಢಿಯಂತೆ ಮರಾಠಿಯಲ್ಲೇ ವೇಳಾಪಟ್ಟಿ ಹಾಕಿ ಗೋಡೆಗೆ ಅಂಟಿಸಿದ್ದೇನೆ. ಐದಕ್ಕೆ ಏಳುವುದು, ಧ್ಯಾನ. ಏಳರಿಂದ ಕಾವ್ಯ. ಒಂಬತ್ತರಿಂದ ಹನ್ನೊಂದು 'ಜೀವನದ ಉದ್ದೇಶ' ಎಂಬ ಪ್ರಬಂಧ ಬರೆಯುವುದು. ಮೂರರಿಂದ ನಾಲ್ಕು ಆತ್ಮಪರೀಕ್ಷೆ. ನಾಲ್ಕೂವರೆಯಿಂದ ಐದು ದುಃಖಪಡುವುದಕ್ಕೆ. ಇಡೀ ದಿನ ಅದೇ ಆಗಬಾರದೆಂದು ಸಮಯ ಗೊತ್ತುಮಾಡಿದ್ದೇನೆ.

ನಾನು ಬಾಡಿಗೆಗಿರುವ ವಾಡೆಯ ಒಡತಿ ಗೋದಾಕಾಕು ಕೆಳಗಿನ ಮನೆಯಿಂದ ಬಂದು, ಕನ್ನಡಕ ಏರಿಸಿ ಪಟ್ಟಿಯನ್ನು ಪೂರ್ತಿ ಓದಿದರು. "ಇದರಲ್ಲಿ ನೀರು ತುಂಬುವುದು ಎಷ್ಟಕ್ಕೆ?" ಎಂದು ಕೇಳಿದರು. ವಾಡೆಯ ತೊಟ್ಟಿಗೆ ಕಾತ್ರಜದ ಕೆರೆಯ ನೀರು ಬರುವುದು ಧ್ಯಾನದ ಹೊತ್ತಿಗೇ.

೮ ಜನವರಿ

ಹನ್ನೊಂದಕ್ಕೆ ದೂರದಲ್ಲಿ ಯಾವುದೋ ಶಾಲೆಯ ಗಂಟೆ ಹೊಡೆಯಿತು. ಎದ್ದು ನಿಂತೆ. ಊಟದ ತಟ್ಟೆ ಕೈಯಲ್ಲಿತ್ತು.

೧೧ ಜನವರಿ, ಶನಿವಾರ

ಪ್ರಬಂಧದ ಮೊದಲ ವಾಕ್ಯ ನಾಲ್ಕು ದಿನದಿಂದ ಮೊದಲ ವಾಕ್ಯವಾಗಿಯೇ ಇದೆ. ಎತ್ತರದಲ್ಲಿ ವಿಚಾರ ಬರಬಹುದೆಂದು ಪರ್ವತಿ ಬೆಟ್ಟ ಹತ್ತಿದೆ. ಅಲ್ಲಿ ಪೆನ್ಶನ್ ಆದ ಗಂಡಸರು ಸಾಲಾಗಿ ಕೂತು ವಿಚಾರವನ್ನೇ ಮಾಡುತ್ತಿದ್ದರು. ನಮ್ಮ ಕಡೆಯವರೇ ಆದ ಅವಧೂತರಾಯರು, ಹಿಂದೆ ಮಾಮಲೇದಾರರಾಗಿದ್ದವರು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಕೆಲಸವಿಲ್ಲದಾಗ ಜೀವನಕ್ಕೆ ಏನರ್ಥ ಎಂದು ಕೇಳಿದೆ.

"ನಾ ಪೆನ್ಶನ್ ತಗೊಂಡು ಒಂಬತ್ತು ವರ್ಷ ಆತ್ರಿ," ಎಂದರು. "ಮೊದಲನೇ ವರ್ಷ ಜೀವನದ ಅರ್ಥ ಹುಡುಕಿದೆ. ಎರಡನೇ ವರ್ಷ ಕನ್ನಡಕ ಹುಡುಕಿದೆ. ಈಗ ಎರಡೂ ಬಿಟ್ಟು, ನಮ್ಮ ವಾಡೇದ ಬಾವಿ ಹಗ್ಗ ಯಾರು ಕದ್ದಾರ ಅಂತ ಹುಡುಕ್ಲಿಕ್ಕೆ ಹತ್ತೇನಿ. ಭಾಳ ಚಲೋ ನಿದ್ದಿ ಬರ್ತದ."

ಇಷ್ಟು ಓದಿದ ಮನುಷ್ಯ ಹೀಗಾಗಬಾರದಿತ್ತು. ಇಳಿಯುವಾಗ ಆ ಹಗ್ಗ ಎಂಥದ್ದು ಎಂದು ಕೇಳದೆ ಬಂದೆನಲ್ಲ ಎಂದು ಮಾತ್ರ ಅನಿಸಿತು.

೧೭ ಜನವರಿ, ಶುಕ್ರವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಇದೇ ಮಹಡಿಯ ಎದುರುಮನೆಯ ನಾಗವ್ವ. ಇವಳ ಗಂಡ ಈರಬಸಪ್ಪ ಮಿಲಿಟರಿ ಲೆಕ್ಕದ ಆಫೀಸಿನಲ್ಲಿ ಕಾರಕೂನ. ಬಾಗಲಕೋಟೆಯ ಕಡೆಯವರು, ದಸರೆಯ ಹೊತ್ತಿಗೆ ಈ ಊರಿಗೆ ಬಂದವರು. ನಾಗವ್ವನಿಗೆ ಮರಾಠಿಯ ಗಂಧವಿಲ್ಲ. ಮುಖ ಕೆಂಪಾಗಿತ್ತು.

"ಅಕ್ಕೋರ, ನೀವ ನ್ಯಾಯಾ ಹೇಳ್ರಿ. ಕೆಳಗಿನ ಮುದುಕಿ ನನ್ನ ತಡದು ನಿಂದರಿಸಿ ನನ್ನ ಗಂಡನ ಕಾಮದ ಸುದ್ದಿ ಕೇಳ್ತಾಳ್ರಿ. ದಿನಾ ಎಷ್ಟು ತಾಸು ಕಾಮ ಅಂತಾಳ. ರವಿವಾರನೂ ಕಾಮ ಅದ ಏನು ಅಂತಾಳ. ವಯಸ್ಸಾದಾಕಿ, ಜಪದ ಮಾಲಿ ಹಿಡಕೊಂಡು ಕುಂತಾಕಿ, ಇಂಥಾ ಮಾತು ಆಡಬಹುದೇನ್ರಿ?"

ಕೆಳಗಿಳಿದು ನೋಡಿದರೆ ಗೋದಾಕಾಕು ಜಪಮಾಲೆ ಹಿಡಿದು ಕಣ್ಣೀರು ಹಾಕುತ್ತಿದ್ದರು. "ಎಲ್ಲ ಬಾಡಿಗೆದಾರರಿಗೆ ಕೇಳುವುದನ್ನೇ ಕೇಳಿದೆ. ಗಂಡನ ಕೆಲಸದ ಮಾತೆತ್ತಿದರೆ ಇವಳು ಯಾಕೆ ಹೊಡೆಯಲು ಬರುತ್ತಾಳೆ? ಅವನಿಗೇನು ಕೆಲಸ ಹೋಗಿದೆಯೇ?"

ಮರಾಠಿಯಲ್ಲಿ ಕಾಮ ಎಂದರೆ ಬರೀ ಕೆಲಸ ಎಂದು ನಾಗವ್ವನಿಗೆ ಬಿಡಿಸಿ ಹೇಳಿದೆ. ಅವಳು ಮೆಟ್ಟಿಲ ಮೇಲೆ ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಹಂಗಾರ ಈ ಊರಾಗ ಎಲ್ಲಾರೂ ಮುಂಜಾನಿಂದ ಸಂಜೀತನಾ ಅದನ್ನ ಮಾಡ್ತಾರಂದಂಗಾತು" ಎಂದಳು. ಅವಳು ಯಾಕೆ ನಗುತ್ತಾಳೆಂದು ತಿಳಿಯದ ಗೋದಾಕಾಕು, ತಪ್ಪೊಪ್ಪಿಕೊಂಡಳೆಂದು ತಿಳಿದು ಅವಳ ಕೈಗೆ ಎಳ್ಳುಂಡೆ ಕೊಟ್ಟರು.

ಮೇಲೆ ಬಂದಮೇಲೆ ನಾಗವ್ವ ಹೊಸ್ತಿಲಲ್ಲೇ ನಿಂತಳು. "ನನಗ ಮರಾಠಿ ಕಲಸ್ರಿ. ದೀಪಾವಳಿ ಮುಂದ ಮಂಡಈಗೆ ಕಾಯಿಪಲ್ಯೆ ತರಾಕ ಹೋಗಿ ದಾರಿ ತಪ್ಪಿದ್ನಿ. ಮನಿ ಎಲ್ಲಿ ಅಂತ ಕೇಳ್ತಾರ, ನನಗ ಹೇಳಾಕ ಬರವಲ್ದು. ನಾಕು ತಾಸು ತಿರಗಿದೆ. ಅವತ್ತಿಂದ ಇವರು ಹೊರಗ ಬಿಡವಲ್ರು. ಊರಾಗ ಇದ್ದಾಗ ಒಬ್ಬಾಕಿನ ಸಂತಿ ಮಾಡಾಕಿ ನಾನು."

ಮಧ್ಯಾಹ್ನ ಮೂರಕ್ಕೆ ನನಗೆ ಆತ್ಮಪರೀಕ್ಷೆ ಇದೆ, ಸಾಧ್ಯವಿಲ್ಲ ಎಂದೆ.

"ಅದನ್ನ ನನ್ನ ಎದುರಿಗೇ ಮಾಡ್ಕೋರಿ. ನಾ ಯಾರಿಗೂ ಹೇಳಂಗಿಲ್ಲ."

ವಾರಕ್ಕೆ ಒಂದು ದಿನ, ಅರ್ಧ ತಾಸು ಮಾತ್ರ ಎಂದು ಖಡಾಖಂಡಿತವಾಗಿ ಹೇಳಿದ್ದೇನೆ.

೨೧ ಜನವರಿ, ಮಂಗಳವಾರ

ವಿಲಾಯತಿಯಲ್ಲಿ ಚಕ್ರವರ್ತಿಗಳು ತೀರಿಕೊಂಡರೆಂದು ಶಾಲೆಗಳಿಗೆ ರಜೆ. ರಜೆಯಲ್ಲಿರುವವಳಿಗೆ ಮತ್ತೊಂದು ರಜೆ ಬಂದರೆ ಏನು ಮಾಡಬೇಕೆಂದು ಕೂತಿರುವಾಗ ಪ್ರಲ್ಹಾದಪಂತರು ಬಂದರು. ಏಪ್ರಿಲ್ ನಾಲ್ಕಕ್ಕೆ ಬಹುಮಾನ ಸಮಾರಂಭ. ಅಂದು ನಾನು 'ಜೀವನದ ಪ್ರಯೋಜನ' ಎಂಬ ವಿಷಯದ ಮೇಲೆ ಮಾತಾಡಬೇಕಂತೆ. "ಆಸೆಯನ್ನು ಗೆದ್ದವರ ಬಾಯಿಂದ ಹುಡುಗಿಯರು ಕೇಳಬೇಕು" ಎಂದರು. ಹೊಸ ಮುಖ್ಯಾಧ್ಯಾಪಿಕೆಯ ಹೆಸರನ್ನೂ ಅದೇ ವೇದಿಕೆಯಲ್ಲಿ ಹೇಳುತ್ತಾರೆ. ಕೇಳಿದವರಲ್ಲಿ ಯಾರೂ ಒಪ್ಪಿಗೆಯಾಗದ ಕಾರಣ ಕುಶಲಾಳನ್ನೇ ಮಾಡುವುದೆಂದು ಅಂದುಕೊಂಡಿದ್ದಾರೆ. ಅಂದರೆ ಆ ದಿನದೊಳಗೆ ನಾನು ಬಾಯಿ ಬಿಡಬೇಕು, ಇಲ್ಲವೇ ಬಿಟ್ಟುಕೊಡಬೇಕು.

ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ನೂಕುತ್ತಿದ್ದರು. ಬಾಯಿ ತೆರೆದೆ. "ಇನ್ನೊಂದು ಕಪ್ ಚಹಾ ತೆಗೆದುಕೊಳ್ಳುತ್ತೀರಾ?" ಎಂಬ ಮಾತು ಬಂತು.

೨೮ ಜನವರಿ, ಮಂಗಳವಾರ

ನಾಗವ್ವ ವಾರಕ್ಕೊಂದು ದಿನ ಎಂಬುದನ್ನು ಮರೆತು ದಿನವೂ ಬರುತ್ತಾಳೆ. ಕಲಿಯುವುದಕ್ಕಿಂತ ಜಗಳವೇ ಜಾಸ್ತಿ. ನಿನ್ನೆ ಗೋದಾಕಾಕು ಮಂಡಿನೋವಿನಿಂದ ನರಳುತ್ತ "ಫಾರ ಹಾಲ ಝಾಲೇ" ಎಂದರಂತೆ, ಬಹಳ ಕಷ್ಟಪಟ್ಟೆ ಎಂಬ ಅರ್ಥದಲ್ಲಿ. ಹಾಲು ಹೆಚ್ಚಾಗಿದೆ ಎಂದು ತಿಳಿದ ನಾಗವ್ವ ಹೆಪ್ಪು ಹಾಕಲು ಪಾತ್ರೆ ತೆಗೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಳು. ನರಳುವವರ ಮುಂದೆ ಪಾತ್ರೆ ಹಿಡಿದು ನಿಂತವಳನ್ನು ನೋಡಿ ಕಾಕು ನೋವು ಮರೆತು ಎದ್ದು ಕೂತರಂತೆ.

ಇಂಥ ಶಬ್ದಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದೇನೆ. ಒಂದೇ ಬಣ್ಣದ ಸೀರೆ ಉಟ್ಟ ಬೇರೆ ಬೇರೆ ಮನೆಯ ಹೆಂಗಸರು ಇವು. ಹಿಂದಿನಿಂದ ನೋಡಿ ಕೂಗಿದರೆ ಇನ್ಯಾರೋ ತಿರುಗುತ್ತಾರೆ. ಹತ್ತೊಂಬತ್ತು ಸಿಕ್ಕಿವೆ. ಮೊದಲ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾವ ಶಬ್ದ ಬರಬೇಕೆಂದು ನನಗೆ ಗೊತ್ತು.

ಪ್ರಬಂಧವನ್ನೇ ಭಾಷಣವಾಗಿ ಮಾಡಿದರಾಯಿತು. ಒಂದೂವರೆ ಪುಟ ಆಗಿದೆ.

೪ ಫೆಬ್ರವರಿ, ಮಂಗಳವಾರ

ಇಂದು ಇನ್ನೊಬ್ಬಳು ಬಂದಳು: ಲೀಲಾಕ್ಷಿ. ಗಲ್ಲಿಯ ಮೂಲೆಯಲ್ಲಿ ಸುಬ್ಬಯ್ಯನ ಹೋಟೆಲಿದೆಯಲ್ಲ, ಅವನ ಹೆಂಡತಿ, ಉಡುಪಿಯ ಕಡೆಯವಳು. ಅವಳಿಂದ ಹೋಟೆಲಿಗೇ ಅಪಕೀರ್ತಿ ಬಂದಿತ್ತು.

"ಎಂತ ಮಾಡುದು ಮಾರಾಯ್ರೆ," ಎಂದಳು. "ಒಬ್ಬ 'ದೂಧ ಆಹೆ ಕಾ' ಅಂತ ಕೇಳಿದ. ನಾನು ಅಡಿಗೆ ಕೋಣೆಯಿಂದ 'ಉಂಟು' ಅಂದೆ. ಅವ ಲೋಟ ಕೆಳಗಿಟ್ಟು ಎದ್ದು ಹೋದ. ಇವರ ಭಾಷೆಯಲ್ಲಿ ಉಂಟ ಅಂದ್ರೆ ಒಂಟೆಯಂತೆ. ನಮ್ಮಲ್ಲಿ ಒಂಟೆ ಹಾಲಿನ ಚಾ ಅಂತ ಪೇಟೆಯಿಡೀ ಸುದ್ದಿ ಉಂಟು."

"ನೋಡ್ರಿ, ಮತ್ತ ಉಂಟು ಅಂದ್ರಿ," ಎಂದಳು ನಾಗವ್ವ. "ನೆಟ್ಟಗ 'ಅದ' ಅನ್ರಿ."

"ಅದಾ? ಯಾವುದು ಅದು?"

"ಹಾಲು ಅದ."

"ಹಾಲು ಅದಲ್ಲ, ಹಾಲು ಇದು. ಇಲ್ಲೇ ಉಂಟಲ್ಲ."

ಮುಕ್ಕಾಲು ತಾಸು ಹೀಗೆ ನಡೆಯಿತು. ಕೊನೆಗೆ ಇಬ್ಬರೂ ಮರಾಠಿಯ 'ಆಹೆ'ಗೆ ಒಪ್ಪಿ ರಾಜಿಯಾದರು. ಆತ್ಮಪರೀಕ್ಷೆಗೆ ಸಮಯ ಸಿಗಲಿಲ್ಲ. ಸಂಜೆ ಪಾತ್ರೆ ತೊಳೆಯುವಾಗ ಆ ಒಂಟೆ ನೆನಪಾಗಿ ಒಬ್ಬಳೇ ನಕ್ಕೆ. ಕೆಳಗಿನಿಂದ ಗೋದಾಕಾಕು ಮೈಯಲ್ಲಿ ಹುಷಾರಿದೆಯೇ ಎಂದು ಕೇಳಿದರು.

೧೩ ಫೆಬ್ರವರಿ, ಗುರುವಾರ

ಈಗ ಆರು ಜನ. ನಾನು ಕರೆದದ್ದಲ್ಲ. ಮೂರು ಗಂಟೆಗೆ ಸರಿಯಾಗಿ ಬರುತ್ತಾರೆ, ಆರಾದರೂ ಏಳುವುದಿಲ್ಲ, ಚಕ್ಕುಲಿ ತಿಂದು ಪುಡಿಯನ್ನು ಕಾವ್ಯದ ಪುಸ್ತಕದ ಮೇಲೆ ಚೆಲ್ಲುತ್ತಾರೆ. ಗೋದಾಕಾಕುವೂ ಬಂದು ಕೂರುತ್ತಾರೆ. ತಾವು ಕಲಿಯಲು ಬಂದದ್ದಲ್ಲ, ಉಚ್ಚಾರ ತಿದ್ದಲು ಬಂದದ್ದು ಎನ್ನುತ್ತಾರೆ. ಆದರೆ ನಿನ್ನೆ ನಾಗವ್ವನಿಗೆ "ಬರ್ರಿ, ಕುಂಡ್ರಿ" ಎಂದದ್ದನ್ನು ನಾನೇ ಕೇಳಿಸಿಕೊಂಡೆ.

ಕವಿತೆ ಓದಿ ಹತ್ತು ದಿನವಾಯಿತು. ನಾಳೆ ಬರಬೇಡಿರೆಂದು ಹೇಳಿಬಿಡಬೇಕು. ನಾಳೆ ಬೇಡ, ಭೂತಕಾಲ ಅರ್ಧಕ್ಕೆ ನಿಂತಿದೆ. ನಾಡಿದ್ದು.

೨೦ ಫೆಬ್ರವರಿ

ಶಿವರಾತ್ರಿಯ ಗಡಿಬಿಡಿಯಲ್ಲಿ ಯಾರೂ ಬರಲಿಲ್ಲ. ಇಡೀ ದಿನ ನನ್ನದೇ. ಮೂರಕ್ಕೆ ಸರಿಯಾಗಿ ಆತ್ಮಪರೀಕ್ಷೆಗೆ ಕೂತೆ. ತಲೆನೋವು.

೧೦ ಮಾರ್ಚ್, ಮಂಗಳವಾರ

ಬೆಳಿಗ್ಗೆ ಈರಬಸಪ್ಪ ಆಫೀಸಿಗೆ ಹೋದ ಹತ್ತು ನಿಮಿಷಕ್ಕೆ ನಾಗವ್ವ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದಳು. ಜೊತೆಗೆ ಬರಲೇ ಎಂದೆ. "ನೀವು ಬಂದ್ರ ನೀವ ಮಾತಾಡ್ತೀರಿ" ಎಂದು ಹೊರಟೇಬಿಟ್ಟಳು.

ಮಂಡಈ ಇಲ್ಲಿಂದ ಕಾಲು ತಾಸಿನ ದಾರಿ. ಒಂದು ತಾಸಾಯಿತು. ಭಾಷಣದ ಮೂರನೆಯ ಪುಟ ಮುಂದಿಟ್ಟುಕೊಂಡು ಕಿಟಕಿಯಲ್ಲಿ ಕೂತೆ. ಒಂದೂವರೆ ತಾಸಾದಾಗ ಗೋದಾಕಾಕು ಮಂಡಿನೋವನ್ನೂ ಲೆಕ್ಕಿಸದೆ ಗಲ್ಲಿಯ ತುದಿಯವರೆಗೆ ಹೋಗಿ ನಿಂತರು. ನಾನು ಚಪ್ಪಲಿ ಹಾಕಿಕೊಂಡು ಎರಡು ಸಲ ಕೆಳಗಿಳಿದು ಎರಡು ಸಲ ಹತ್ತಿದೆ. ಎಂ.ಎ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹೀಗೆ ಒದ್ದಾಡಿರಲಿಲ್ಲ.

ಎರಡು ತಾಸಾದ ಮೇಲೆ ಬಂದಳು. ಚೀಲದ ತುಂಬ ಬದನೆಕಾಯಿ. ಮೆಟ್ಟಿಲು ಹತ್ತುವಾಗಲೇ ನಗುತ್ತಿದ್ದಳು.

"ನೀವು ಹೇಳಿದ್ರಲ್ರಿ, ರೇಟು ಕೇಳಬೇಕಾದ್ರ 'ಭಾವ ಕಾಯ' ಅನ್ನಬೇಕು ಅಂತ. ಕಾಯಿಪಲ್ಯೆದವನ ಮುಂದ ಹೋಗಿ ನಿಂತೆ. ನನ್ನ ಗಂಡನ ಅಣ್ಣಾರು ಕಣ್ಣ ಮುಂದ ಬಂದ್ರು. ಹಿರೇರು. ಬರೇ 'ಭಾವ' ಅನ್ನಾಕ ನಾಲಿಗಿ ಏಳವಲ್ದು. 'ಭಾವಾರು ಕಾಯ' ಅಂದ್ಬಿಟ್ಟೆ. ಸೆರಗು ತಲಿ ಮ್ಯಾಲೆ ಎಳಕೊಂಡು ಬ್ಯಾರೆ."

"ಆಮೇಲೆ?"

"ಅವಾ ತಿಳೀಲಿಲ್ಲ ಅಂದ. ನಾನೂ ಇದ್ದದ್ದು ಹೇಳೇಬಿಟ್ಟೆ, ಬಂದಷ್ಟು ಮರಾಠಿಯೊಳಗ. ನಮ್ಮ ಭಾಷಾದಾಗ ಭಾವ ಅಂದ್ರ ಗಂಡನ ಅಣ್ಣ, ಮರ್ಯಾದಿ ಕೊಡಬೇಕು, ಅಂತ. ಸುತ್ತ ನಲವತ್ತು ಮಂದಿ ನಕ್ರು. ನಾನೂ ನಕ್ಕೆ. ಅವಾ 'ಭಾವಾರ ಕಡಿಂದ' ಅಂತ ಹೇಳಿ ಎರಡು ಬದನಿಕಾಯಿ ಜಾಸ್ತಿ ಹಾಕಿದ. ಬರೂಮುಂದ ದಾರಿನೂ ನಾನ ಕೇಳಿದೆ, ಬೇಕಂತ ಮೂರು ಮಂದೀಗೆ. ಗೊತ್ತಿತ್ತು, ಆದ್ರೂ ಕೇಳಿದೆ."

ಎರಡರಲ್ಲಿ ಒಂದು ಬದನೆಕಾಯಿಯನ್ನು ನನಗೆ ಕೊಟ್ಟುಹೋದಳು. ಅದನ್ನು ಶಬ್ದಕೋಶದ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಮೊನ್ನೆಮೊನ್ನೆ ಅಕ್ಷರ ಹಿಡಿದ ಇವಳು ನಲವತ್ತು ಜನರ ಮುಂದೆ ಹೇಳಿದಳು. ನಮ್ಮ ಮಂಡಳಿಯಲ್ಲಿ ಇರುವವರು ಏಳು ಜನ.

೧೬ ಮಾರ್ಚ್, ಸೋಮವಾರ

ಪ್ರಲ್ಹಾದಪಂತರ ಮನೆಗೆ ಹೋದೆ. ದಾರಿಯಲ್ಲಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಮಾತಾಡಲು ಬಿಡಲಿಲ್ಲ. ಸಮಾರಂಭದ ಆಮಂತ್ರಣ ಅಚ್ಚಾಗಿ ಬಂದಿತ್ತು. ನನ್ನ ಹೆಸರಿನ ಹಿಂದೆ 'ತ್ಯಾಗಮೂರ್ತಿ' ಎಂದು ಹಾಕಿಸಿದ್ದಾರೆ. ಮುನ್ನೂರು ಪ್ರತಿ. ಅವರ ಹೆಂಡತಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಕಾಲು ಮುಟ್ಟುತ್ತಿರುವವರ ನೆತ್ತಿಯ ಮೇಲೆ 'ನನಗೆ ಆ ಹುದ್ದೆ ಬೇಕಿತ್ತು' ಎನ್ನುವುದು ಹೇಗೆ? ಅವರ ಹಿತ್ತಿಲಿನ ಅರ್ಧ ಡಜನ್ ನಿಂಬೆಹಣ್ಣು ತೆಗೆದುಕೊಂಡು ಬಂದೆ.

ನಾಗವ್ವ ಎಲ್ಲ ಕೇಳಿಸಿಕೊಂಡಳು. ಅವಳೊಬ್ಬಳಿಗೆ ಹೇಳಿದ್ದೇನೆ. "ತ್ಯಾಗಮೂರ್ತಿ ಅಂದ್ರ?" ಎಂದಳು. ಎಲ್ಲ ಬಿಟ್ಟುಕೊಟ್ಟವರು ಎಂದೆ.

"ನೀವೆಲ್ಲಿ ಬಿಟ್ಟೀರಿ? ನಿನ್ನೆ ಒಂದು ಒತ್ತಕ್ಷರ ತಪ್ಪಿದ್ದಕ್ಕ ನನ್ನ ಕಡಿಂದ ಇಪ್ಪತ್ತು ಸಲ ಬರಸೀರಿ."

೨೮ ಮಾರ್ಚ್, ಶನಿವಾರ

ಭಾಷಣ ಒಂಬತ್ತು ಪುಟವಾಗಿದೆ. ಓದಿ ನೋಡಿದೆ. ಒಂದು ವಾಕ್ಯದಲ್ಲೂ ಮನುಷ್ಯರಿಲ್ಲ. ಲೀಲಾಕ್ಷಿಗೆ ಓದಿ ಹೇಳಿದರೆ, "ಒಳ್ಳೇದುಂಟು. ಯಾರು ತೀರಿಹೋದದ್ದು?" ಎಂದಳು.

ಶಬ್ದಗಳ ಪಟ್ಟಿ ಎಂಬತ್ತಾರಕ್ಕೆ ಬಂದಿದೆ.

೪ ಏಪ್ರಿಲ್, ಶನಿವಾರ

ಆಗಿಹೋಯಿತು.

ಸಭಾಗೃಹ ತುಂಬಿತ್ತು. ಹಿಂದಿನ ಸಾಲಿನಲ್ಲಿ ನಾಗವ್ವ, ಲೀಲಾಕ್ಷಿ, ಗೋದಾಕಾಕು. ನಾಗವ್ವ ನಾನು ಎದ್ದು ನಿಂತ ಕೂಡಲೇ ಚಪ್ಪಾಳೆ ಹೊಡೆದಳು. ಉಳಿದವರು ನಾಚಿಕೊಂಡು ಸೇರಿಕೊಂಡರು. ಒಂಬತ್ತು ಪುಟ ಕೈಯಲ್ಲಿತ್ತು. ಮೊದಲ ವಾಕ್ಯ ಓದಿದೆ: "ಜೀವನದ ಪ್ರಯೋಜನವೇನೆಂಬ ಪ್ರಶ್ನೆ ಅನಾದಿಕಾಲದಿಂದ..." ಮೂರನೆಯ ಸಾಲಿನ ಹುಡುಗಿ ಆಕಳಿಸಿದಳು. ಅವಳು ಜಾಣ ಹುಡುಗಿ.

ಹಾಳೆ ಮಡಿಚಿ ಪಕ್ಕಕ್ಕಿಟ್ಟೆ. ಹೇಳಿದ್ದು ಇಷ್ಟು, ನೆನಪಿದ್ದ ಹಾಗೆ ಬರೆಯುತ್ತೇನೆ:

"ಆಮಂತ್ರಣದಲ್ಲಿ ನನ್ನ ಹೆಸರಿನ ಹಿಂದೆ ಇರುವ ಮಾತನ್ನು ಹೊಡೆದುಹಾಕಿ. ನಾನು ಏನನ್ನೂ ತ್ಯಾಗ ಮಾಡಿಲ್ಲ. ಡಿಸೆಂಬರಿನಲ್ಲಿ ನಾನು ಮುಖ್ಯಾಧ್ಯಾಪಿಕೆಯ ಹುದ್ದೆ ಕೇಳಿದ್ದೆ. ಹುದ್ದೆಯ ಹೆಸರು ಬರೆಯಲು ಸಂಕೋಚಪಟ್ಟು ಅವಕಾಶ ಎಂದು ಬರೆದೆ. ನನ್ನ ಮನೆಮಾತಿನಲ್ಲಿ ಅದಕ್ಕೆ ನಿಮ್ಮ ಸಂಧಿ ಎಂಬ ಅರ್ಥ. ನಿಮ್ಮ ಮಾತಿನಲ್ಲಿ ಏನರ್ಥವೆಂದು ಮೂರು ತಿಂಗಳು ಮನೆಯಲ್ಲಿ ಕೂತು ಕಲಿತೆ. ಇಪ್ಪತ್ತೆರಡು ವರ್ಷ ನಿಮ್ಮ ಮಕ್ಕಳಿಗೆ ಸಂಧಿ ಕಲಿಸಿದವಳಿಗೆ ಒಂದು ಸಂಧಿ ಕೇಳಲು ಬರಲಿಲ್ಲ. ತಪ್ಪು ನನ್ನದು. ಹುದ್ದೆ ನನಗೆ ಆಗಲೂ ಬೇಕಿತ್ತು, ಈಗಲೂ ಬೇಕು."

ಮೊದಲು ಆ ಆಕಳಿಸಿದ ಹುಡುಗಿ 'ಖುಕ್' ಎಂದಳು. ಅವಳ ಸಾಲು, ಅದರ ಹಿಂದಿನ ಸಾಲು, ಕೊನೆಗೆ ಇಡೀ ಸಭೆ. ಪ್ರಲ್ಹಾದಪಂತರು ಮಾತ್ರ ನಗಲಿಲ್ಲ, ಮೇಜಿನ ಮೇಲಿನ ಹೂದಾನಿಯನ್ನು ನೋಡುತ್ತಿದ್ದರು. ನನಗೆ ಓಡಿಹೋಗಬೇಕೆನಿಸಲಿಲ್ಲ, ಅದೇ ಆಶ್ಚರ್ಯ. ಸಭೆ ಇಷ್ಟು ಗಮನ ಕೊಟ್ಟು ಕೂತಿರುವಾಗ ಬಿಡುವುದೇಕೆಂದು ಕಾಮ ಮತ್ತು ಭಾವಗಳನ್ನೂ ಹೇಳಿದೆ. ಒಂಟೆಯನ್ನು ಹೇಳುವಾಗ ಲೀಲಾಕ್ಷಿ ಎದ್ದು ನಿಂತು ತಾನೇ ಅವಳು ಎಂದು ಕೈಯೆತ್ತಿದಳು. ಇಪ್ಪತ್ತು ನಿಮಿಷವೆಂದಿದ್ದು ಐವತ್ತು ನಿಮಿಷವಾಯಿತು. ಜೀವನದ ಪ್ರಯೋಜನದ ಬಗ್ಗೆ ಹೇಳುವುದು ಮರೆತೇಹೋಯಿತು.

ಹೊಸ ಹೆಸರನ್ನು ಅವರು ಘೋಷಿಸಲಿಲ್ಲ. ಸೋಮವಾರ ಮಂಡಳಿ ಮತ್ತೆ ಸೇರುತ್ತದೆಯಂತೆ. ಇಳಿಯುವಾಗ ಕುಶಲಾ ಮೆಟ್ಟಿಲಲ್ಲಿ ಕಾಯುತ್ತಿದ್ದಳು. ಕೋಪ ಮಾಡುತ್ತಾಳೆಂದುಕೊಂಡೆ. "ಬಾಈ, ಮೂರು ತಿಂಗಳು ನಿಮ್ಮ ಕುರ್ಚಿಯಲ್ಲಿ ನಾನು ಬೆನ್ನು ಆನಿಸಿ ಕೂತಿಲ್ಲ," ಎಂದಳು. "ಮೊದಲೇ ಹೇಳಿದ್ದರೆ ನನ್ನ ಸೊಂಟವಾದರೂ ಉಳಿಯುತ್ತಿತ್ತು."

ಮನೆಗೆ ಬಂದು ನೋಟ್‌ಬುಕ್ಕಿನ ಖಾಲಿ ಮೊದಲ ಸಾಲನ್ನು ತುಂಬಿದೆ.

೭ ಏಪ್ರಿಲ್, ಮಂಗಳವಾರ

ನನ್ನ ಬಿಡುವು ಮುಗಿದರೂ ಶಾಲೆಗೆ ಬೇಸಿಗೆ ರಜೆ. ಇಂದು ಹನ್ನೊಂದು ಜನ. ಶನಿವಾರದ ಭಾಷಣ ಕೇಳಿ ಇಬ್ಬರು ಮರಾಠಿ ಹೆಂಗಸರೂ ಬಂದಿದ್ದಾರೆ. ಒಬ್ಬರ ಸೊಸೆ ಹುಬ್ಬಳ್ಳಿಯವಳು, ಅವಳು ಬೈಯುವುದು ಅರ್ಥವಾಗಬೇಕಂತೆ. ಜಾಗ ಸಾಲದೆ ಗೋದಾಕಾಕುವನ್ನು ಅಕ್ಕಿಯ ಡಬ್ಬಿಯ ಮೇಲೆ ಕೂರಿಸಿದೆ. ನಾಗವ್ವ ಹೊಸಬರಿಗೆ ತಾನೇ ಮೊದಲ ಪಾಠ ಮಾಡಿದಳು. ತಪ್ಪೇ ಹೇಳಿಕೊಟ್ಟಳು, ಆದರೆ ಎಂಥ ಗತ್ತು. ಭವಿಷ್ಯತ್ಕಾಲ ಶುರುಮಾಡುವ ಹೊತ್ತಿಗೆ ಶಾಲೆಯ ಜವಾನ ಲಕೋಟೆ ತಂದ. ಸಹಿ ಮಾಡಿ ನೋಟ್‌ಬುಕ್ಕಿನ ಕೆಳಗಿಟ್ಟೆ. ಲೀಲಾಕ್ಷಿ ಮರಾಠಿಯಲ್ಲಿ 'ನಾನು ಬರುತ್ತೇನೆ' ಎಂಬುದನ್ನು ಹೆಂಗಸರು ಒಂದು ಥರ, ಗಂಡಸರು ಇನ್ನೊಂದು ಥರ ಯಾಕೆ ಹೇಳಬೇಕೆಂದು ವಾದ ಹೂಡಿದಳು. ಆ ವಾದ ಮುಗಿಯುವಾಗ ಐದೂವರೆ. ಆಮೇಲೆ ಲಕೋಟೆ ಒಡೆದೆ.

ಕೊಟ್ಟಿದ್ದಾರೆ. ಜೂನ್ ಎಂಟರಿಂದ. ಈ ಸಲ ಹುದ್ದೆಯ ಹೆಸರನ್ನು ಎರಡು ಸಲ ಬರೆದು ಕೆಳಗೆ ಗೆರೆ ಎಳೆದಿದ್ದಾರೆ.

ಎರಡು ಸಲ ಓದಿದೆ. ಅಣ್ಣನಿಗೆ ಧಾರವಾಡಕ್ಕೆ ಬರೆಯಬೇಕು. ಆದರೆ ಶಾಲೆ ಹನ್ನೊಂದರಿಂದ ಐದು. ಮುಖ್ಯಾಧ್ಯಾಪಿಕೆ ಆರರ ಮೊದಲು ಹೊರಡುವಂತಿಲ್ಲ. ಮೂರು ಗಂಟೆಗೆ ಈ ಹನ್ನೊಂದು ಜನ ಏನು ಮಾಡಬೇಕು? ಬೆಳಿಗ್ಗೆ ಇವರಿಗೆ ಆಗುವುದಿಲ್ಲ, ನೀರಿನ ಹೊತ್ತು. ಸಂಜೆ ಗಂಡಂದಿರು ಬರುತ್ತಾರೆ. ವೇಳಾಪಟ್ಟಿಯನ್ನು ಗೋಡೆಯಿಂದ ಕಿತ್ತು ಹಿಂಬದಿಯಲ್ಲಿ ಲೆಕ್ಕ ಹಾಕಿದೆ, ಎಲ್ಲೂ ಕೂಡಿಬರಲಿಲ್ಲ.

ಎಲ್ಲರೂ ಹೊರಡುವಾಗ ಹೇಳಿಬಿಟ್ಟೆ: ಹುದ್ದೆ ಸಿಕ್ಕಿದೆ, ಜೂನಿನಿಂದ ಮಧ್ಯಾಹ್ನ ನಾನು ಮನೆಯಲ್ಲಿರುವುದಿಲ್ಲ, ಪಾಠ ನಿಲ್ಲಿಸಬೇಕಾದೀತು. ಉಳಿದವರು ಮೆಟ್ಟಿಲಲ್ಲೇ ನಿಂತರು. ಎದುರುಮನೆಯವಳಾದ್ದರಿಂದ ನಾಗವ್ವ ಯಾವಾಗಲೂ ಕೊನೆಗೆ ಹೋಗುವವಳು. ಹೊಸ್ತಿಲಿನ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟುಕೊಂಡು ನನ್ನನ್ನೇ ನೋಡಿದಳು.

"ನಿಲ್ಲಸೂದ್ಯಾಕ್ರಿ? ನೀವು ದೊಡ್ಡ ಅಕ್ಕೋರಾದ ಮ್ಯಾಲೆ ಸಾಲಿ ನಿಮ್ಮದ ಆತು. ಮೂರಕ್ಕ ಅಲ್ಲೇ ಬರ್ತೀವಿ, ಒಂದು ಕ್ವಾಣಿ ಕೊಡ್ರಿ. ಬೆಂಚಿನ ಮ್ಯಾಲೆ ಮಾತ್ರ ಕುಂಡ್ರಸಬ್ಯಾಡ್ರಿ, ನನಗ ಕಾಲು ಜೋಮು ಹಿಡೀತಾವು. ಚಾಪಿ ನಾನ ತರ್ತೀನಿ."